ನೆಲಬಾಂಬ್ ಕೇಸು ನಡೆಸುವುದು: ಸ್ಫೋಟದ ಗುಂಡಿಯಿಂದ ತೀರ್ಪಿನವರೆಗೆ

2019ರ ಮೇ 1ರಂದು ಮಹಾರಾಷ್ಟ್ರದ ಗಡ್ಚಿರೋಲಿ ಜಿಲ್ಲೆಯ ಜಾಂಭುಳ್‌ಖೇಡಾ ಬಳಿ ಮಾವೋವಾದಿಗಳು ರಸ್ತೆಯಡಿ ಹೂತಿಟ್ಟಿದ್ದ ಬಾಂಬಿಗೆ 15 ಪೊಲೀಸರೂ ಅವರು ಕೂತಿದ್ದ ಖಾಸಗಿ ವಾಹನದ ಚಾಲಕನೂ ಬಲಿಯಾದರು. ಇಂಥ ಕೇಸಿನಲ್ಲಿ ಸ್ಫೋಟ ಆಯಿತೇ ಇಲ್ಲವೇ ಎಂದು ಯಾವ ವಕೀಲರೂ ವಾದ ಮಾಡುವುದಿಲ್ಲ. ವಾದವೆಲ್ಲ ಒಂದೇ ಪ್ರಶ್ನೆಯ ಮೇಲೆ: ಕಟಕಟೆಯಲ್ಲಿ ನಿಂತಿರುವ ಈ ಮನುಷ್ಯನಿಗೂ ಸ್ಫೋಟದಿಂದ ಬಿದ್ದ ಆ ಗುಂಡಿಗೂ ಏನು ಸಂಬಂಧ? ಚಾರ್ಜ್‌ಶೀಟು ಎಷ್ಟೇ ದಪ್ಪಗಿದ್ದರೂ ಇದಕ್ಕೆ ಉತ್ತರ ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ. ಛತ್ತೀಸ್‌ಗಢದ ಬುರ್ಕಾಪಾಲ್‌ನಲ್ಲಿ 2017ರ ಏಪ್ರಿಲ್ 24ರಂದು ಹೊಂಚು ದಾಳಿಗೆ 25 ಸಿಆರ್‌ಪಿಎಫ್ ಯೋಧರು ಸತ್ತ ಪ್ರಕರಣ ನೆನಪಿರಲಿ. ಅದರಲ್ಲಿ 121 ಆದಿವಾಸಿಗಳು ಐದು ವರ್ಷದಷ್ಟು ಜೈಲಿನಲ್ಲಿ ಕೊಳೆತು 2022ರ ಜುಲೈನಲ್ಲಿ ಖುಲಾಸೆಯಾದರು. ಸತ್ತವರಿಗೆ ನ್ಯಾಯ ಸಿಗಲಿಲ್ಲ, ಒಳಗಿದ್ದವರಿಗೆ ಕಳೆದುಹೋದ ವರ್ಷಗಳು ವಾಪಸು ಬರಲಿಲ್ಲ.

ಸೆಷನ್ಸ್ ಕೋರ್ಟಿಗೆ ಹೊಸದಾಗಿ ಬಂದ ಸರ್ಕಾರಿ ಅಭಿಯೋಜಕರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇವೆ. ಆರೋಪಿ ಪರ ಜೂನಿಯರ್‌ಗಳು ಇದನ್ನೇ ತಿರುಗಿಸಿ ಓದಿಕೊಂಡರೆ ಪಾಟಿ ಸವಾಲಿನ ಪಟ್ಟಿ ಸಿಗುತ್ತದೆ.

ಮೊದಲು ಘಟನೆಯ ತಾರೀಕು ನೋಡಿ

ಕಡತ ಬಿಚ್ಚಿದ ಕೂಡಲೇ ಎಫ್‌ಐಆರ್‌ನ ಕಲಂಗಳನ್ನು ಓದಬೇಡಿ, ಘಟನೆಯ ದಿನಾಂಕ ಓದಿ. 2024ರ ಜುಲೈ 1ಕ್ಕೆ ಮುಂಚಿನ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯೇ ಅನ್ವಯ. ಆರೋಪಿ ಸಿಕ್ಕಿದ್ದು ನಿನ್ನೆಯೇ ಆದರೂ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 113ನೇ (ಭಯೋತ್ಪಾದಕ ಕೃತ್ಯದ) ಕಲಂ ಹಾಕುವಂತಿಲ್ಲ. ಎಡಪಂಥೀಯ ಉಗ್ರರ ಕೇಸುಗಳಲ್ಲಿ ಈ ತಪ್ಪು ಹೆಚ್ಚು. ಹತ್ತಿಪ್ಪತ್ತು ವರ್ಷ ಭೂಗತರಾಗಿದ್ದವರು ಈಗ ಸಿಗುತ್ತಾರೆ, ಈಗ ಶರಣಾಗುತ್ತಾರೆ. ಪಾವಗಡ ತಾಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಕೆಎಸ್‌ಆರ್‌ಪಿ ಶಿಬಿರದ ಮೇಲೆ ದಾಳಿ ನಡೆದು ಏಳು ಪೊಲೀಸರು ಸತ್ತದ್ದು 2005ರ ಫೆಬ್ರವರಿಯಲ್ಲಿ. ಅಂಥ ಪ್ರಕರಣದಲ್ಲಿ ಇವತ್ತು ಒಬ್ಬ ಆರೋಪಿ ಸಿಕ್ಕರೂ ಹಾಕಬೇಕಾದದ್ದು 2005ರಲ್ಲಿ ಇದ್ದ ಕಲಂಗಳನ್ನೇ.

ಯುಎಪಿಎಗೂ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಇದೇ ಮಾತು. ಭಯೋತ್ಪಾದನೆಯ ಅಧ್ಯಾಯ ಆ ಕಾಯ್ದೆಗೆ ಸೇರಿದ್ದು 2004ರ ಸೆಪ್ಟೆಂಬರ್ 21ರಂದು, ಹಳೆಯ ಭಯೋತ್ಪಾದನೆ ತಡೆ ಕಾಯ್ದೆಯಾದ ಪೋಟಾ ರದ್ದಾದ ದಿನವೇ. ಪೀಪಲ್ಸ್ ವಾರ್ ಮತ್ತು ಎಂಸಿಸಿ ಎಂಬ ಎರಡು ನಕ್ಸಲ್ ಸಂಘಟನೆಗಳು ಒಂದಾಗಿ ಸಿಪಿಐ (ಮಾವೋವಾದಿ) ಹುಟ್ಟಿದ್ದೂ ಅದೇ ದಿನ, ಕಾಕತಾಳೀಯ ಅಷ್ಟೇ. ಆದರೆ ಹೊಸ ಪಕ್ಷದ ಹೆಸರು ಯುಎಪಿಎಯ ಉಗ್ರ ಸಂಘಟನೆಗಳ ಪಟ್ಟಿಗೆ ಸೇರಿದ್ದು 2009ರ ಜೂನ್ 22ರಂದು. ಅದಕ್ಕಿಂತ ಹಿಂದಿನ ಘಟನೆಗೆ ‘ನಿಷೇಧಿತ ಸಿಪಿಐ (ಮಾವೋವಾದಿ) ಸದಸ್ಯ’ ಎಂದು ಆರೋಪ ಬರೆದರೆ ಎದುರು ಪಕ್ಷ ಆ ಅಧಿಸೂಚನೆಯನ್ನೇ ತಂದು ಮೇಜಿನ ಮೇಲಿಡುತ್ತದೆ. ಆಗ ಪಟ್ಟಿಯಲ್ಲಿದ್ದ ಹಳೆಯ ಸಂಘಟನೆಗಳ ಹೆಸರು, ಅವುಗಳ ‘ಎಲ್ಲ ಅಂಗಗಳು’ ಎಂಬ ಮಾತು, ವಿಲೀನದ ಪುರಾವೆ ಮೂರನ್ನೂ ಜೋಡಿಸಿಕೊಂಡೇ ಆರೋಪ ಬರೆಯಬೇಕು.

ಯಾವ ಸ್ಫೋಟಕ, ಯಾವ ಕಲಂ

1908ರ ಸ್ಫೋಟಕ ವಸ್ತುಗಳ ಕಾಯ್ದೆ ಚಿಕ್ಕದು, ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು. ಓದದೆ ಬರೆದ ಚಾರ್ಜ್‌ಶೀಟುಗಳೇ ಹೆಚ್ಚು. 3ನೇ ಕಲಂ ಸ್ಫೋಟಿಸಿದ್ದಕ್ಕೆ, 4ನೇದು ಸ್ಫೋಟಿಸುವ ಯತ್ನಕ್ಕೆ ಅಥವಾ ಆ ಉದ್ದೇಶದಿಂದ ತಯಾರಿಸಿ ಇಟ್ಟುಕೊಂಡಿದ್ದಕ್ಕೆ, 5ನೇದು ಅನುಮಾನ ಬರುವಂತೆ ಇಟ್ಟುಕೊಂಡಿದ್ದಕ್ಕೆ, 6ನೇದು ಹಣ, ಜಾಗ, ಸಾಮಾನು ಕೊಟ್ಟು ನೆರವಾದವರಿಗೆ.

3ರಲ್ಲಿ ಎರಡು ಖಂಡ ಇದೆ, ಎಡವುವುದು ಅಲ್ಲೇ. (ಬಿ) ಖಂಡಕ್ಕೆ ಮರಣದಂಡನೆಯವರೆಗೂ ಶಿಕ್ಷೆ ಇದೆ, ಆದರೆ ಅದು ‘ವಿಶೇಷ ವರ್ಗ’ದ ಸ್ಫೋಟಕಕ್ಕೆ ಮಾತ್ರ: ಆರ್‌ಡಿಎಕ್ಸ್, ಪಿಇಟಿಎನ್, ಎಚ್‌ಎಂಎಕ್ಸ್, ಟಿಎನ್‌ಟಿ ಮುಂತಾದವು. ಮಾವೋವಾದಿಗಳ ಕೈಗೆ ಸಾಮಾನ್ಯವಾಗಿ ಸಿಗುವುದು ಕಲ್ಲುಕ್ವಾರಿಯ ಜಿಲೆಟಿನ್ ಕಡ್ಡಿ, ಅಮೋನಿಯಂ ನೈಟ್ರೇಟ್. ಅದಕ್ಕೆ (ಎ) ಖಂಡ: ಕನಿಷ್ಠ ಹತ್ತು ವರ್ಷ, ಗರಿಷ್ಠ ಜೀವಾವಧಿ. ಎಷ್ಟು ಜನ ಸತ್ತರು ಎಂಬುದರಿಂದ ಖಂಡ ಬದಲಾಗುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರುವ ಮುಂಚೆ (ಬಿ) ಎಂದು ಬರೆದು, ಆಮೇಲೆ ವರದಿಯಲ್ಲಿ ನೈಟ್ರೇಟ್ ಎಂದು ಬಂದರೆ ಮೊದಲ ದಿನವೇ ಬಿಗಿದ ಗಂಟು ಬಿಚ್ಚಿದಂತೆ.

ಸಾವು ಸಂಭವಿಸಿದ್ದರೆ ಯುಎಪಿಎ 16(1)(ಎ) ಹೇಗೂ ಮರಣದಂಡನೆ ಅಥವಾ ಜೀವಾವಧಿ ಹೇಳುತ್ತದೆ. ಒಳಸಂಚಿಗೆ 18, ಉಗ್ರ ಸಂಘಟನೆಯ ಸದಸ್ಯತ್ವಕ್ಕೆ 20. ಎಲ್ಲ ಆರೋಪಿಗಳಿಗೂ ಎಲ್ಲ ಕಲಂ ಹಚ್ಚುವ ಚಟ ಬಿಡಿ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಗೀಟಿ: ಆರೋಪಿ, ಅವನು ಮಾಡಿದ ಕೆಲಸ, ಅದನ್ನು ಹೇಳುವ ಸಾಕ್ಷಿ ಅಥವಾ ವಸ್ತು, ಕಲಂ. ಮೂರನೇ ಕಾಲಂ ಖಾಲಿ ಇರುವ ಆರೋಪಿಯ ವಿಷಯದಲ್ಲಿ ಆರೋಪ ನಿಗದಿಗೆ ಮುಂಚೆಯೇ ತನಿಖಾಧಿಕಾರಿಯನ್ನು ಕರೆದು ಮಾತಾಡಿ.

ಗುಂಡಿಗಿಂತ ತಂತಿಯ ಆ ತುದಿ ಮುಖ್ಯ

ಸ್ಥಳ ಮಹಜರು ಓದುವಾಗ ಎರಡು ಜಾಗ ಹುಡುಕಿ. ಗುಂಡಿಯ ಹತ್ತಿರ ಸಿಗುವುದು ಬಾಂಬಿನ ಸಾಕ್ಷ್ಯ. ತಂತಿ ಎಳೆದು ಕೂತು ಕಾದಿದ್ದ ಜಾಗದಲ್ಲಿ ಸಿಗುವುದು ಮನುಷ್ಯನ ಸಾಕ್ಷ್ಯ: ಬೀಡಿ ತುಂಡು, ನೀರಿನ ಬಾಟಲಿ, ಉಂಡೆಸೆದ ಎಲೆ, ಹೆಜ್ಜೆ ಗುರುತು, ಔಷಧಿ ಪಟ್ಟಿ. ಪೊಲೀಸರ ದುಃಖವೂ ಗಡಿಬಿಡಿಯೂ ಗುಂಡಿಯ ಸುತ್ತಲೇ ಇರುತ್ತದೆ, ಆ ತುದಿಗೆ ಮರುದಿನವೋ ಮೂರನೇ ದಿನವೋ ಹೋಗುತ್ತಾರೆ. ಅಷ್ಟರಲ್ಲಿ ಮಳೆ ಬಂದಿರುತ್ತದೆ, ದನ ತುಳಿದಿರುತ್ತದೆ. ಮೊದಲೇ ಹೋಗುವುದಕ್ಕೂ ಅಡ್ಡಿ ಉಂಟು, ನೆರವಿಗೆ ಬಂದವರಿಗೆಂದೇ ಎರಡನೇ ಬಾಂಬ್ ಇಟ್ಟಿರಬಹುದು. ಬಾಂಬ್ ನಿಷ್ಕ್ರಿಯ ದಳ ಜಾಗವನ್ನು ಸುರಕ್ಷಿತ ಎಂದು ಬಿಟ್ಟುಕೊಟ್ಟ ಸಮಯ ಮಹಜರಿನಲ್ಲಿ ಇರಬೇಕು, ತಡವಾದ ಕಾರಣ ಅದೇ ಹೇಳುತ್ತದೆ. ಕಾರಣ ಬರೆಯದ ತಡವನ್ನು ಎದುರು ವಕೀಲರು ‘ಸೃಷ್ಟಿಸಿದ ಸಾಕ್ಷ್ಯ’ ಎನ್ನುತ್ತಾರೆ.

ಮಣ್ಣಿನ ಮಾದರಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಗುಂಡಿಯ ನಡುವಿನ ಮಣ್ಣು, ಅಂಚಿನ ಮಣ್ಣು, ಜೊತೆಗೆ ಸ್ಫೋಟ ತಾಗದಷ್ಟು ದೂರದ ಅದೇ ಬಗೆಯ ಮಣ್ಣು, ಹೀಗೆ ಮೂರು ಬೇರೆ ಪೊಟ್ಟಣ ಬೇಕು. ಮೂರನೆಯದು ಹೋಲಿಕೆ ಮಾದರಿ, ಸಾಮಾನ್ಯವಾಗಿ ಮರೆತುಹೋಗುವುದೂ ಅದೇ. ಹೊಲದ ಬದಿಯ ರಸ್ತೆ ಎಂದ ಮೇಲೆ ಗೊಬ್ಬರದ ನೈಟ್ರೇಟ್ ಮಣ್ಣಿನಲ್ಲಿ ಇದ್ದೇ ಇರುತ್ತದೆ. ‘ಗುಂಡಿಯ ಮಣ್ಣಿನಲ್ಲಿ ನೈಟ್ರೇಟ್ ಕಂಡುಬಂದಿದೆ’ ಎಂಬ ವರದಿಗೆ ‘ಪಕ್ಕದ ಹೊಲದ ಮಣ್ಣಿನಲ್ಲಿ ಇರಲಿಲ್ಲವೇ?’ ಎಂದು ಒಂದೇ ಪ್ರಶ್ನೆ ಸಾಕು. ಹೋಲಿಕೆ ಮಾದರಿ ಇಲ್ಲದ ತಜ್ಞರ ಹತ್ತಿರ ಉತ್ತರ ಇರುವುದಿಲ್ಲ. ಸ್ಫೋಟಕದ ಪಸೆ ಇರುವ ವಸ್ತುಗಳನ್ನು ಮಾಮೂಲಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಆವಿ ಹೊರಹೋಗುತ್ತದೆ, ಗಾಳಿಯಾಡದ ಗಾಜಿನ ಸೀಸೆ ಅಥವಾ ನೈಲಾನ್ ಚೀಲವೇ ಸರಿ. ಸಿಡಿಯದ ಜಿಲೆಟಿನ್ ಮುಟ್ಟಿದ ಕೈ ಗುಂಡಿಯ ಮಣ್ಣು ತುಂಬಬಾರದು.

ಸಿಡಿಯದೆ ಉಳಿದ ಸ್ಫೋಟಕವನ್ನು ಠಾಣೆಯಲ್ಲಿ ಇಟ್ಟುಕೊಳ್ಳಲಾಗದು, ನಾಶ ಮಾಡಲೇಬೇಕು. ಅದಕ್ಕೆ ಮೊದಲು ಮಾದರಿ ತೆಗೆದು, ಫೋಟೋ ವಿಡಿಯೋ ಮಾಡಿ, ಸಾಧ್ಯವಾದರೆ ಮ್ಯಾಜಿಸ್ಟ್ರೇಟರ ಆದೇಶ ಪಡೆದು ಆಮೇಲೆ ನಾಶ. ದಳದವರು ಮಾದರಿ ತೆಗೆಯದೆ ಸ್ಥಳದಲ್ಲೇ ಸಿಡಿಸಿದರೆ 5ನೇ ಕಲಮಿನ ಆರೋಪ ಕೂಡ ಅಲ್ಲೇ ಸಿಡಿದುಹೋಯಿತು ಎಂದುಕೊಳ್ಳಿ. ‘ನೋಡಿದರೆ ಜಿಲೆಟಿನ್ ಥರ ಇತ್ತು’ ಎಂಬ ಸಾಕ್ಷ್ಯದಿಂದ ಸ್ಫೋಟಕ ಎಂದು ಸಾಬೀತಾಗುವುದಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಜಿಲೆಟಿನ್, ಡಿಟೊನೇಟರ್ ಪೆಟ್ಟಿಗೆಯ ಮೇಲೆ ತಯಾರಕರ ಹೆಸರು, ತಾರೀಕು, ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಹಿಡಿದು ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೋ (ಸ್ಫೋಟಕಗಳ ಲೈಸೆನ್ಸ್ ನೋಡಿಕೊಳ್ಳುವ ಕೇಂದ್ರ ಸಂಸ್ಥೆ) ಮೂಲಕ ಯಾವ ಲೈಸೆನ್ಸುದಾರನ ಗೋದಾಮಿಗೆ ಹೋಗಿತ್ತು ಎಂದು ಪತ್ತೆ ಮಾಡಬಹುದು. ಗೋದಾಮಿನ ದಾಸ್ತಾನು ಪುಸ್ತಕ ವಶಪಡಿಸಿಕೊಳ್ಳದೆ ‘ಕ್ವಾರಿಯಿಂದ ಕದ್ದದ್ದು’ ಎಂದು ಬರೆದರೆ ಅದು ಊಹೆ.

ಏಳು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು ಬಿಎನ್‌ಎಸ್‌ಎಸ್ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 176(3) ಹೇಳುತ್ತದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಬೇಕೆಂದು 105 ಹೇಳುತ್ತದೆ. ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ ಎಂಬುದು ವಿಡಿಯೋ ಮಾಡದಿರುವುದಕ್ಕೆ ಕಾರಣವಾಗದು, ಕ್ಯಾಮೆರಾಗೆ ನೆಟ್‌ವರ್ಕ್ ಬೇಕಿಲ್ಲ.

ಪಂಚರು ಮತ್ತು ‘ತೋರಿಸಿಕೊಡುತ್ತೇನೆ’ ಹೇಳಿಕೆ

ದಂಡಕಾರಣ್ಯದ ಕೇಸುಗಳಲ್ಲಿ ಪಂಚರ (ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದವರ) ಮನೆಮಾತು ಗೋಂಡಿಯೋ ಮಾಡಿಯಾವೋ ಆಗಿರುತ್ತದೆ, ಮಹಜರು ಮರಾಠಿಯಲ್ಲೋ ಹಿಂದಿಯಲ್ಲೋ ಇರುತ್ತದೆ. ಓದಿ ಹೇಳಿದವರು ಯಾರು, ಯಾವ ಭಾಷೆಯಲ್ಲಿ ಎಂಬ ಒಂದು ಸಾಲು ಮಹಜರಿನ ಕೊನೆಗೆ ಇರಲೇಬೇಕು. ಪ್ರಾಧ್ಯಾಪಕ ಜಿ.ಎನ್. ಸಾಯಿಬಾಬಾ ಪ್ರಕರಣದಲ್ಲಿ ಬಾಂಬ್ ಇರಲಿಲ್ಲ, ಆದರೆ ಮಾವೋವಾದಿ ನಂಟಿನ ಕೇಸು ಹೇಗೆ ಕಳಚಿಬೀಳುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಇಲ್ಲ. 2017ರ ಮಾರ್ಚ್ 7ರಂದು ಗಡ್ಚಿರೋಲಿ ಕೋರ್ಟು ಜೀವಾವಧಿ ವಿಧಿಸಿತು. 2024ರ ಮಾರ್ಚ್ 5ರಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಖುಲಾಸೆ ಮಾಡಿತು. ಜಪ್ತಿಯ ಪಂಚ ಅನಕ್ಷರಸ್ಥನಾಗಿದ್ದದ್ದೂ ಅಲ್ಲಿ ಚರ್ಚೆಗೆ ಬಂತು, ಮಂಜೂರಾತಿಯ ಲೋಪವೂ ಬಂತು. ಮಂಜೂರಾತಿಯ ವಿಷಯ ಮುಂದೆ ಹೇಳುತ್ತೇವೆ.

ಪೋಟಾ ಕಾಲದಲ್ಲಿ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಗೂ ಬೆಲೆ ಇತ್ತು. ಯುಎಪಿಎಯಲ್ಲಿ ಅದು ಇಲ್ಲ. ಉಳಿದಿರುವ ಕಿಂಡಿ ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ರ ಪರಂತುಕ (ವಿನಾಯಿತಿ ಹೇಳುವ ಸಾಲು). ಎಷ್ಟು ಸಣ್ಣ ಕಿಂಡಿ ಎಂದು ಒಂದು ಕಾಲ್ಪನಿಕ ಹೇಳಿಕೆ ಇಟ್ಟುಕೊಂಡು ನೋಡೋಣ:

‘ನಾನು ಪಕ್ಷದ ಸದಸ್ಯ. ಸೇತುವೆಯ ಹತ್ತಿರ ಬಾಂಬ್ ಇಟ್ಟು ಪೊಲೀಸ್ ಜೀಪು ಸಿಡಿಸಿದೆ. ಅದಕ್ಕೆ ಬಳಸಿ ಉಳಿದ ತಂತಿಯನ್ನು ಕೆರೆ ಏರಿಯ ಹುಣಸೆಮರದ ಬುಡದಲ್ಲಿ ಹೂತಿದ್ದೇನೆ, ಕರೆದುಕೊಂಡು ಹೋದರೆ ತೋರಿಸುತ್ತೇನೆ.’

ಕೋರ್ಟು ಇದರಲ್ಲಿ ತೆಗೆದುಕೊಳ್ಳುವುದು ‘ತಂತಿಯನ್ನು ಕೆರೆ ಏರಿಯ ಹುಣಸೆಮರದ ಬುಡದಲ್ಲಿ ಹೂತಿದ್ದೇನೆ, ತೋರಿಸುತ್ತೇನೆ’ ಎಂಬಷ್ಟನ್ನೇ. ‘ಅದಕ್ಕೆ ಬಳಸಿ ಉಳಿದ’ ಎಂಬ ಮಾತು ಕೂಡ ಹೋಗುತ್ತದೆ. 1947ರ ಪುಲುಕೂರಿ ಕೊಟ್ಟಯ್ಯ ತೀರ್ಪಿನಿಂದ ಹಿಡಿದು ಇವತ್ತಿನವರೆಗೆ ಇದರಲ್ಲಿ ಬದಲಾವಣೆ ಇಲ್ಲ. ಅಂದರೆ ಈ ಹೇಳಿಕೆಯಿಂದ ಸಿಕ್ಕಿದ್ದು ಒಂದು ಸಂಗತಿ ಮಾತ್ರ: ಇಂಥ ಕಡೆ ತಂತಿ ಇದೆ ಎಂದು ಅವನಿಗೆ ಗೊತ್ತಿತ್ತು. ಆ ತಂತಿಯೂ ಸ್ಫೋಟದ ಸ್ಥಳದ ತಂತಿಯೂ ಒಂದೇ ಸುರುಳಿಯದು ಎಂದು ಪ್ರಯೋಗಾಲಯ ಹೇಳಬೇಕು. ಹಾಗೆ ಹೋಲಿಸಿ ನೋಡಿ ಎಂದು ಪತ್ರದಲ್ಲಿ ಕೇಳದಿದ್ದರೆ ಅವರು ಎರಡು ಪೊಟ್ಟಣಕ್ಕೆ ಎರಡು ಬೇರೆ ವರದಿ ಬರೆದು ಕಳಿಸುತ್ತಾರೆ, ತಪ್ಪು ಅವರದಲ್ಲ. ಊರಿಗೆಲ್ಲ ಗೊತ್ತಿರುವ, ಎಲ್ಲರೂ ಓಡಾಡುವ ಬಯಲಿನಿಂದ ‘ತೋರಿಸಿಕೊಟ್ಟ’ ವಸ್ತುವಿಗೆ ಬೆಲೆ ಕಡಿಮೆ.

ಹೋಲಿಕೆ ಕೂಡಿಬಂದರೆ ಯುಎಪಿಎ 43ಇ ನಿಮ್ಮ ಪರ ನಿಲ್ಲುತ್ತದೆ. ಆರೋಪಿಯ ವಶದಿಂದ ಸಿಕ್ಕ ಸ್ಫೋಟಕದಂಥದ್ದೇ ಕೃತ್ಯಕ್ಕೆ ಬಳಕೆಯಾಗಿದೆ ಎಂದು ನಂಬಲು ಆಧಾರ ಇದ್ದರೆ, ಅಥವಾ ಸ್ಥಳದಲ್ಲಿ ಅವನ ಬೆರಳಚ್ಚು ಸಿಕ್ಕರೆ, ಬೇರೆ ರೀತಿ ತೋರಿಸುವ ಹೊಣೆ ಅವನ ಮೇಲೆ ಹೋಗುತ್ತದೆ. ಇಷ್ಟು ಬಲವಾದ ಕಲಮನ್ನು ಎಷ್ಟೋ ಅಂತಿಮ ವಾದಗಳಲ್ಲಿ ಯಾರೂ ಎತ್ತುವುದೇ ಇಲ್ಲ.

ಅಡ್ಡಹೆಸರು, ಪತ್ರ, ಪೆನ್‌ಡ್ರೈವ್

ಭೂಗತ ಕಾರ್ಯಕರ್ತರಿಗೆ ಒಂದೊಂದು ದಳದಲ್ಲಿ ಒಂದೊಂದು ಹೆಸರು. ಪತ್ರದಲ್ಲಿ ‘ರಾಜಣ್ಣ ಸಾಮಾನು ತಲುಪಿಸಿದ’ ಎಂದಿದ್ದರೆ, ರಾಜಣ್ಣ ಅಂದರೆ ನಮ್ಮ ಎ4 (ನಾಲ್ಕನೇ ಆರೋಪಿ) ಎಂದು ಹೇಳುವವರು ಯಾರು? ‘ತನಿಖೆಯಿಂದ ತಿಳಿದುಬಂದಿದೆ’ ಎಂಬುದು ಸಾಕ್ಷ್ಯವಲ್ಲ. ಜೊತೆಗಿದ್ದು ಆ ಹೆಸರಿನಿಂದಲೇ ಕರೆದ ಒಬ್ಬ ಸಾಕ್ಷಿ ಬೇಕು, ಇಲ್ಲವೇ ಕೈಬರಹದ ಹೋಲಿಕೆ ಬೇಕು. ಸಾಮಾನ್ಯವಾಗಿ ಆ ಸಾಕ್ಷಿ ಶರಣಾದ ಮಾಜಿ ಸದಸ್ಯನೇ ಆಗಿರುತ್ತಾನೆ. ಅವನೂ ಕೃತ್ಯದಲ್ಲಿ ಭಾಗಿಯಾಗಿದ್ದರೆ ಬಿಎನ್‌ಎಸ್‌ಎಸ್ 343ರಡಿ ಕ್ಷಮಾದಾನ ಕೊಡಿಸಿ ಮಾಫಿ ಸಾಕ್ಷಿ ಮಾಡಿ. ಅವನ ಮಾತಿಗೆ ಬೇರೆ ಕಡೆಯಿಂದ ಆಧಾರ ಇಲ್ಲದೆ ಶಿಕ್ಷೆ ನಿರೀಕ್ಷಿಸಬೇಡಿ. ಶರಣಾಗತಿ ಪ್ಯಾಕೇಜಿನಲ್ಲಿ ಎಷ್ಟು ಹಣ ಬಂತು, ಅವನ ಮೇಲಿನ ಕೇಸುಗಳು ಏನಾದವು ಎಂಬುದನ್ನು ಮುಖ್ಯ ವಿಚಾರಣೆಯಲ್ಲಿ ನೀವೇ ಕೇಳಿಬಿಡಿ. ಪಾಟಿ ಸವಾಲಿನಲ್ಲಿ ಹೊರಬಂದರೆ ಮುಚ್ಚಿಟ್ಟಂತೆ ಕಾಣುತ್ತದೆ.

ಘಟನೆಯ ನಂತರ ‘ನಾವೇ ಮಾಡಿದ್ದು’ ಎಂದು ಪಕ್ಷ ಹೊರಡಿಸಿದ ಕರಪತ್ರವನ್ನು ದೊಡ್ಡ ಆಧಾರ ಎಂದು ಎತ್ತಿ ಹಿಡಿಯುವವರಿದ್ದಾರೆ. ಒಳಸಂಚುಗಾರನೊಬ್ಬನ ಮಾತು ಇನ್ನೊಬ್ಬನ ವಿರುದ್ಧ ನಡೆಯುವುದು ಸಂಚು ಜೀವಂತ ಇರುವವರೆಗೆ. ಬಾಂಬ್ ಸಿಡಿದ ಮೇಲೆ ಬರೆದದ್ದು ಸಂಘಟನೆಯ ಕೈವಾಡ ತೋರಿಸೀತು, ಎ4ನ ಕೈವಾಡ ತೋರಿಸದು. ಮನೆಯಲ್ಲಿ ಸಿಕ್ಕ ಮಾರ್ಕ್ಸ್, ಮಾವೋ ಪುಸ್ತಕಗಳನ್ನಂತೂ ಪಟ್ಟಿಗೆ ಸೇರಿಸಲೇಬೇಡಿ. ಸಾಹಿತ್ಯ ಇಟ್ಟುಕೊಂಡಿದ್ದಕ್ಕೇ ಉಗ್ರ ಸಂಘಟನೆಗೆ ನೆರವಾದಂತಲ್ಲ ಎಂದು ಸುಪ್ರೀಂ ಕೋರ್ಟು 2021ರ ಥ್ವಾಹಾ ಫಸಲ್ ತೀರ್ಪಿನಲ್ಲಿ ಹೇಳಿಯಾಗಿದೆ. ಹಾಗೆ ಸೇರಿಸಿದರೆ ನಿಮ್ಮ ಹತ್ತಿರ ಬೇರೇನೂ ಇಲ್ಲ ಎಂದು ನ್ಯಾಯಾಧೀಶರಿಗೆ ನೀವೇ ಹೇಳಿದಂತೆ.

ಪೆನ್‌ಡ್ರೈವ್, ಲ್ಯಾಪ್‌ಟಾಪ್ ಸಿಕ್ಕರೆ ಜಪ್ತಿಯ ಹೊತ್ತಿನಲ್ಲೇ ಹ್ಯಾಷ್ ಮೌಲ್ಯ (ಒಳಗಿನ ಮಾಹಿತಿ ಬದಲಾದರೆ ತಾನೂ ಬದಲಾಗುವ ಡಿಜಿಟಲ್ ಗುರುತು) ದಾಖಲಾಗಬೇಕು. ಡಿಜಿಟಲ್ ದಾಖಲೆಯ ಜೊತೆ ಕೊಡುವ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರಕ್ಕೆ ಎ ಮತ್ತು ಬಿ ಎಂದು ಎರಡು ಭಾಗ, ಬಿ ಭಾಗ ತಜ್ಞರದು. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯನ್ನೇ ಜೆರಾಕ್ಸ್ ಮಾಡಿ ಲಗತ್ತಿಸಿದ ಕಡತಗಳು ಈಗಲೂ ಬರುತ್ತಿವೆ.

ನಾಲ್ಕು ಅನುಮತಿ ಕಾಗದ

ಸಾಕ್ಷ್ಯ ಎಷ್ಟೇ ಗಟ್ಟಿಯಿದ್ದರೂ ಇವುಗಳಲ್ಲಿ ಒಂದು ತಪ್ಪಿದರೆ ಆ ಭಾಗ ಮುಗಿದಂತೆ.

- ಯುಎಪಿಎ 45: ಕೋರ್ಟು ಪ್ರಕರಣವನ್ನು ಗಣನೆಗೆ ತೆಗೆದುಕೊಳ್ಳುವ ಮುಂಚೆ ಸರ್ಕಾರದ ಮಂಜೂರಾತಿ.
- ಸ್ಫೋಟಕ ವಸ್ತುಗಳ ಕಾಯ್ದೆ 7: ವಿಚಾರಣೆ ಶುರುವಾಗುವ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರ ಒಪ್ಪಿಗೆ.
- ಬಿಎನ್‌ಎಸ್‌ಎಸ್ 217, ಹಳೆಯ 196: ಸರ್ಕಾರದ ವಿರುದ್ಧ ಯುದ್ಧ ಸಾರಿದ ಆರೋಪ ಇದ್ದರೆ.
- ಆಯುಧ ಕಾಯ್ದೆ 39: ಲೈಸೆನ್ಸಿಲ್ಲದ ಬಂದೂಕು ಸಿಕ್ಕಿ 3ನೇ ಕಲಮಿನಡಿ ಆರೋಪ ಹೊರಿಸುತ್ತಿದ್ದರೆ, ಜಿಲ್ಲಾ ಮ್ಯಾಜಿಸ್ಟ್ರೇಟರಿಂದ.

45ರ ಕಾಗದದಲ್ಲಿ ಎರಡು ಮೆಟ್ಟಿಲು. ಸಾಕ್ಷ್ಯ ಕೈಗೆ ಬಂದ ಏಳು ಕೆಲಸದ ದಿನದೊಳಗೆ ಸ್ವತಂತ್ರ ಪರಿಶೀಲನಾ ಪ್ರಾಧಿಕಾರ ವರದಿ ಕೊಡಬೇಕು, ಅದು ಬಂದ ಏಳು ಕೆಲಸದ ದಿನದೊಳಗೆ ಸರ್ಕಾರ ತೀರ್ಮಾನಿಸಬೇಕು. ಈ ಗಡುವು ಕಡ್ಡಾಯ ಎಂದು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಫುಲೇಶ್ವರ್ ಗೋಪ್ ಪ್ರಕರಣದಲ್ಲಿ ಹೇಳಿತು, ಅಲ್ಲಿಂದ ಮುಂದಿನ ಕೇಸುಗಳಿಗೆ. ಆದ್ದರಿಂದ ಪ್ರತಿ ಮೆಟ್ಟಿಲಿನಲ್ಲೂ ಸ್ವೀಕೃತಿ ಮುದ್ರೆಯ ತಾರೀಕು ಇರುವ ಪ್ರತಿ ಇಟ್ಟುಕೊಳ್ಳಿ. ಕಡತ ಯಾವ ಮೇಜಿನಲ್ಲಿ ಎಷ್ಟು ದಿನ ಮಲಗಿತ್ತು ಎಂದು ಮುಂದೆ ನೀವೇ ಲೆಕ್ಕ ಕೊಡಬೇಕಾಗುತ್ತದೆ. ಮಂಜೂರಾತಿ ಆದೇಶದಲ್ಲಿ ‘ದಾಖಲೆ ಪರಿಶೀಲಿಸಲಾಗಿದೆ’ ಎಂದು ಬರೆದರೆ ಸಾಲದು, ಯಾವ ಆರೋಪಿಯ ವಿರುದ್ಧ ಯಾವ ದಾಖಲೆ ನೋಡಿದರು ಎಂದಿರಬೇಕು. ಆಮೇಲೆ ಸಿಕ್ಕ ಆರೋಪಿಗೆ ಹಳೆಯ ಮಂಜೂರಾತಿ ಸಾಲುವುದಿಲ್ಲ, ಹೊಸದು ಬೇಕು. ಸಾಯಿಬಾಬಾ ವಿಷಯದಲ್ಲಿ ಆರೋಪ ನಿಗದಿಯಾಗಿ ಒಬ್ಬ ಸಾಕ್ಷಿಯ ವಿಚಾರಣೆ ಮುಗಿದ ಮೇಲೆ ಮಂಜೂರಾತಿ ಬಂದಿತ್ತು.

ಗಡಿಯಾರ

ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕು. ಕೊಡದಿದ್ದರೆ ಬಂಧನವೇ ಅಕ್ರಮ ಎಂದು 2024ರ ಮೇ 15ರ ಪ್ರಬೀರ್ ಪುರಕಾಯಸ್ಥ ತೀರ್ಪು ಹೇಳುತ್ತದೆ. ಯುಎಪಿಎ ಕೇಸಿನಲ್ಲಿ ಪೊಲೀಸ್ ಕಸ್ಟಡಿ ಗರಿಷ್ಠ 30 ದಿನ. ಚಾರ್ಜ್‌ಶೀಟಿಗೆ 90 ದಿನ, ಮೊದಲ ರಿಮಾಂಡಿನ ದಿನವೂ ಲೆಕ್ಕಕ್ಕೆ ಸೇರುತ್ತದೆ. 180 ದಿನಕ್ಕೆ ಹಿಗ್ಗಿಸಲು ಅಭಿಯೋಜಕರ ವರದಿ ಬೇಕು, ಅದು ನಿಮ್ಮದೇ ವರದಿಯಾಗಿರಬೇಕು. ತನಿಖಾಧಿಕಾರಿಯ ಮನವಿಗೆ ‘ಶಿಫಾರಸು ಮಾಡಿದೆ’ ಎಂದು ಸಹಿ ಹಾಕಿ ಕಳಿಸಿದರೆ ವರದಿ ಅನ್ನಿಸಿಕೊಳ್ಳದು. ಇಲ್ಲಿವರೆಗೆ ಏನಾಯಿತು, ಇನ್ನೇನು ಬಾಕಿ, ಆ ಬಾಕಿಗೆ ಆರೋಪಿ ಒಳಗೇ ಇರಬೇಕು ಏಕೆ, ಮೂರನ್ನೂ ಬೇರೆ ಬೇರೆ ಬರೆಯಿರಿ. ಅರ್ಜಿ ಕೇಳುವ ದಿನ ಆರೋಪಿ ಹಾಜರಿರಬೇಕು, ವಿಡಿಯೋದಲ್ಲಾದರೂ. ವಿಶೇಷ ನ್ಯಾಯಾಲಯ ಇರುವ ಕಡೆ ಮ್ಯಾಜಿಸ್ಟ್ರೇಟರು ಅವಧಿ ಹಿಗ್ಗಿಸುವಂತಿಲ್ಲ. 91ನೇ ದಿನ ಬೆಳಿಗ್ಗೆ ಜಾಮೀನು ಅರ್ಜಿ ಬಂದು, ಸಂಜೆ ನಿಮ್ಮ ವರದಿ ಬಂದರೆ ಮುಗಿಯಿತು, ಜಾಮೀನು ಅವನ ಹಕ್ಕು.

ಗುರುತು ಪತ್ತೆ ಪರೇಡ್ ಬೇಕಿದ್ದರೆ ಬಂಧನದ ಗಳಿಗೆಯಿಂದ ಮುಖ ಮುಚ್ಚಿರಬೇಕು. ಪತ್ರಿಕಾಗೋಷ್ಠಿಯಲ್ಲಿ ಆರೋಪಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿದ ಮೇಲೆ ಪರೇಡ್ ಮಾಡುವುದು ವ್ಯರ್ಥ ಕೆಲಸ.

ಅಮೆರಿಕದ ಒಂದು ಮಾತು ಇಲ್ಲಿ ಹೇಳಬಹುದು. ಅಲ್ಲಿ ವೆದರ್ ಅಂಡರ್‌ಗ್ರೌಂಡ್ ಎಂಬ ಎಡಪಂಥೀಯ ಗುಂಪು 1970ರ ದಶಕದಲ್ಲಿ ಕ್ಯಾಪಿಟಲ್ ಕಟ್ಟಡದಲ್ಲೇ ಬಾಂಬ್ ಇಟ್ಟಿತ್ತು. ಅದರ ನಾಯಕರ ಮೇಲಿನ ಬಾಂಬ್ ಸಂಚಿನ ಆರೋಪಗಳನ್ನು 1973ರಲ್ಲಿ ಸರ್ಕಾರವೇ ಕೈಬಿಟ್ಟಿತು, ಎಫ್‌ಬಿಐ ಅಕ್ರಮವಾಗಿ ಕದ್ದಾಲಿಸಿದ್ದು ಕೋರ್ಟಿನಲ್ಲಿ ಬಯಲಾಗುವಂತಿತ್ತು. ಕೊನೆಗೆ 1980ರಲ್ಲಿ ಅಪರಾಧಿಗಳೆನಿಸಿದ್ದು ಮಾರ್ಕ್ ಫೆಲ್ಟ್ ಮತ್ತು ಎಡ್ವರ್ಡ್ ಮಿಲ್ಲರ್ ಎಂಬ ಎಫ್‌ಬಿಐ ಅಧಿಕಾರಿಗಳೇ. ನಮ್ಮಲ್ಲಿ ಅಕ್ರಮವಾಗಿ ಸಿಕ್ಕ ಸಾಕ್ಷ್ಯ ಅಷ್ಟಕ್ಕೇ ತಳ್ಳಿಹೋಗುವುದಿಲ್ಲ ಎಂದು ಸಮಾಧಾನ ಪಡುವ ಅಧಿಕಾರಿಗಳಿದ್ದಾರೆ. ತಳ್ಳಿಹೋಗದಿದ್ದರೂ ನಂಬಿಕೆ ಹೋಗುತ್ತದೆ, ಜಪ್ತಿಯೊಂದರಲ್ಲಿ ಸುಳ್ಳು ಸಿಕ್ಕರೆ ಉಳಿದ ಹತ್ತನ್ನೂ ನ್ಯಾಯಾಧೀಶರು ಅದೇ ಕಣ್ಣಿನಿಂದ ನೋಡುತ್ತಾರೆ.

ಸಾಕ್ಷಿಗಳು, ತಲೆಮರೆಸಿಕೊಂಡವರು, ಮುದ್ದೆಮಾಲು

ಹಳ್ಳಿಯ ಸಾಕ್ಷಿಗೆ ಎರಡೂ ಕಡೆಯ ಭಯ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಿದರೆ ಪೊಲೀಸರು ಐದು ಕೆಲಸದ ದಿನದಲ್ಲಿ ಬೆದರಿಕೆ ವಿಶ್ಲೇಷಣಾ ವರದಿ ಕೊಡಬೇಕು. ಸಮನ್ಸ್ ಹೊರಡುವ ಮುಂಚೆಯೇ ಅರ್ಜಿ ಹಾಕಿ. ಸಾಕ್ಷಿಯ ಹೆಸರು ವಿಳಾಸ ಗುಪ್ತವಾಗಿಡಲು ಯುಎಪಿಎ 44 ಮತ್ತು ಎನ್‌ಐಎ ಕಾಯ್ದೆಯ 17 ಇವೆ, ಆದರೆ ಆರೋಪಿಗೆ ಕೊಡುವ ಚಾರ್ಜ್‌ಶೀಟ್ ಪ್ರತಿಯಲ್ಲಿ ಒಂದು ಪುಟದಲ್ಲಿ ಹೆಸರು ಅಳಿಸಿ, ಮಹಜರಿನ ಪುಟದಲ್ಲಿ ಹಾಗೇ ಬಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ಪ್ರತಿ ಕೊಡುವ ಮುಂಚೆ ಇಡೀ ಕಡತವನ್ನು ಒಬ್ಬರು ಕೂತು ಓದಬೇಕು.

ಎಪ್ಪತ್ತು ಆರೋಪಿಗಳ ಕೇಸಿನಲ್ಲಿ ಹತ್ತು ಜನ ಸಿಕ್ಕು ಅರವತ್ತು ಜನ ತಲೆಮರೆಸಿಕೊಂಡಿದ್ದರೆ, ಸಿಕ್ಕವರ ವಿಚಾರಣೆಯಲ್ಲೇ ಬಿಎನ್‌ಎಸ್‌ಎಸ್ 335, ಹಳೆಯ 299ರಡಿ ಉಳಿದವರ ವಿರುದ್ಧವೂ ಸಾಕ್ಷ್ಯ ದಾಖಲಿಸಬೇಕೆಂದು ಅರ್ಜಿ ಹಾಕಿ. ತಲೆಮರೆಸಿಕೊಂಡಿದ್ದಾರೆ, ಸದ್ಯಕ್ಕೆ ಸಿಗುವಂತಿಲ್ಲ ಎಂದು ವಾರಂಟ್ ಜಾರಿ ಮಾಡಲು ಹೋದ ಪೊಲೀಸರ ಸಾಕ್ಷ್ಯ ಮೊದಲು ಆಗಬೇಕು, ಅದಿಲ್ಲದೆ ದಾಖಲಿಸಿದ್ದು ಮುಂದೆ ಉಪಯೋಗಕ್ಕೆ ಬರದು. ಹದಿನೈದು ವರ್ಷದ ಮೇಲೆ ಒಬ್ಬ ಶರಣಾದಾಗ ಪಂಚರು ತೀರಿಕೊಂಡಿರುತ್ತಾರೆ, ತಜ್ಞರು ನಿವೃತ್ತರಾಗಿರುತ್ತಾರೆ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ನಕ್ಸಲರು ಶರಣಾದರು. ಶರಣಾಗತಿಯಿಂದ ಪ್ಯಾಕೇಜು ಸಿಗುತ್ತದೆ, ಕೇಸು ತಾನಾಗಿ ವಜಾ ಆಗುವುದಿಲ್ಲ, ಹಳೆಯ ಕಡತ ಹುಡುಕಿ ತೆಗೆಯಲೇಬೇಕು.

ತೀರ್ಪಿನ ಕೊನೆಯ ಪ್ಯಾರಾ ಓದದೆ ಕೋರ್ಟು ಹಾಲಿನಿಂದ ಹೊರಡಬೇಡಿ. ‘ಮೇಲ್ಮನವಿ ಅವಧಿ ಮುಗಿದ ನಂತರ ಮುದ್ದೆಮಾಲು ನಾಶಪಡಿಸತಕ್ಕದ್ದು’ ಎಂಬ ರೂಢಿಯ ಸಾಲು ಅಲ್ಲಿರುತ್ತದೆ, ಮುದ್ದೆಮಾಲು ಎಂದರೆ ಕೇಸಿನಲ್ಲಿ ಜಪ್ತಿಯಾದ ವಸ್ತುಗಳು. ತಲೆಮರೆಸಿಕೊಂಡವರ ಕೇಸು ಬಾಕಿ ಇರುವಾಗ ತಂತಿಯ ತುಂಡೂ ಡಿಟೊನೇಟರ್ ಚೂರೂ ಉಳಿಯಲೇಬೇಕು. ‘ಪ್ರತ್ಯೇಕಿಸಿದ ಪ್ರಕರಣ ಇತ್ಯರ್ಥವಾಗುವವರೆಗೆ ಕಾಯ್ದಿರಿಸತಕ್ಕದ್ದು’ ಎಂದು ಸೇರಿಸುವಂತೆ ಅಂದೇ ಮೆಮೊ ಹಾಕಿ, ಅದರ ಪ್ರತಿಯನ್ನು ಮುದ್ದೆಮಾಲು ಗುಮಾಸ್ತರ ಕೈಗೆ ಕೊಟ್ಟು ಸಹಿ ಪಡೆಯಿರಿ.